ರಾಜಾಜಿನಗರಕ್ಕೆ ಎಂಟು ಮಾತ್ರೆ

ಮಾತ್ರೆ ಎಂದರೆ ಮೂರನೇ ತರಗತಿಯ ಮಕ್ಕಳಿಗೆ ಮೆಡಿಕಲ್ ಶಾಪ್ ನೆನಪಾಗುತ್ತದೆ. ಜ್ವರಕ್ಕೆ ಒಂದು, ನೆಗಡಿಗೆ ಒಂದು. ಛಂದಸ್ಸಿನಲ್ಲೂ ಮಾತ್ರೆ ಎಂಬುದಿದೆ, ಅದು ಕಾಲದ ಅಳತೆ ಎಂದು ಅವರಿಗೆ ವಿವರಿಸಲು ಹೋದರೆ ಐದು ನಿಮಿಷದಲ್ಲಿ ಅರ್ಧ ತರಗತಿ ನೀರು ಕುಡಿಯಲು ಎದ್ದು ಹೋಗುತ್ತದೆ. ಆದ್ದರಿಂದ ಹೆಸರು ಹೇಳದೆ ವಿಷಯವನ್ನು ಕಲಿಸಬೇಕು. ಅದು ಸಾಧ್ಯ. ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನ ಯಾರಾದರೂ ಮುಂದೆ ಸಣ್ಣ ಮಕ್ಕಳಿಗೆ ಕೋಲಾಟವನ್ನೋ ಲೆಜಿಮ್ ಅನ್ನೋ ಕಲಿಸಬೇಕಾಗಿ ಬಂದರೆ ಉಪಯೋಗಕ್ಕೆ ಬಂದೀತು.

ನವೆಂಬರ್ 1 ಕನ್ನಡ ರಾಜ್ಯೋತ್ಸವ, ಸರ್ಕಾರಿ ರಜೆ. ಶಾಲೆಯ ಮಕ್ಕಳಿಗೆ ಮಾತ್ರ ಅದು ಅರ್ಧ ರಜೆ. ಬೆಳಿಗ್ಗೆ ಬಂದು ಧ್ವಜಾರೋಹಣ, ನಾಡಗೀತೆ, ಭಾಷಣ, ಒಂದೆರಡು ಕಾರ್ಯಕ್ರಮ, ಕೈಗೊಂದು ಲಡ್ಡು, ಆಮೇಲೆ ಮನೆ. ಕಳೆದ ಸಲ ಹೊಸಹಳ್ಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಆ ದಿನಕ್ಕೆ ಮೂರು ಮತ್ತು ನಾಲ್ಕನೇ ತರಗತಿಯ 22 ಮಕ್ಕಳನ್ನು ತಯಾರು ಮಾಡುವ ಕೆಲಸ ನನಗೂ ನನ್ನ ಸಹಪಾಠಿಗೂ ಬಂತು. ಮೂರು ವಾರ, ದಿನಕ್ಕೆ 40 ನಿಮಿಷ. ಪ್ರದರ್ಶನ ನಾಲ್ಕು ನಿಮಿಷದ್ದು. 22 ಮಕ್ಕಳಲ್ಲಿ 17 ಮಕ್ಕಳ ಮನೆಮಾತು ನಮ್ಮ ಮನೆಯಂತೆ ಉರ್ದು.

ಆ ಶಾಲೆಯ ಕನ್ನಡ ಟೀಚರ್ ಒಂದೇ ಷರತ್ತು ಹಾಕಿದರು. "ಸ್ಪೀಕರಿನಲ್ಲಿ ಹಾಡು ಹಾಕಿ ಕುಣಿಸಬೇಡಿ. ನಮ್ಮ ಮಕ್ಕಳ ಬಾಯಿಂದಲೇ ಕನ್ನಡ ಬರಬೇಕು" ಎಂದರು. ಅದಕ್ಕೆ ಕಾರಣವೂ ಇತ್ತು. ಉರ್ದು ಮನೆಗಳಿಂದ ಬರುವ ಮಕ್ಕಳು ಪಾಠ ಓದುವಾಗ ದೀರ್ಘ, ಒತ್ತು ತಪ್ಪುತ್ತವೆ, ಪಕ್ಕದವರು ನಗುತ್ತಾರೆ. ಎರಡು ಸಲ ನಗೆಗೆ ಸಿಕ್ಕಿದ ಮಗು ಮೂರನೆಯ ಸಲ ಬಾಯಿ ತೆರೆಯುವುದಿಲ್ಲ. ಸ್ಪೀಕರ್ ಹಾಡಿದರೆ ಆ ಮಗುವಿಗೆ ಬಾಯಿ ಮುಚ್ಚಿಕೊಂಡಿರಲು ಇನ್ನೊಂದು ಅವಕಾಶ ಸಿಕ್ಕಿದಂತೆ, ಅಷ್ಟೆ.

ಕೋಲಾಟವನ್ನೇ ಆರಿಸಿಕೊಳ್ಳಲು ದೊಡ್ಡ ಕಾರಣವೇನೂ ಇಲ್ಲ. ಡೊಳ್ಳು ಎಂಟು ವರ್ಷದ ಮಗುವಿಗೆ ಭಾರ. ಕಂಸಾಳೆ ಬೀಸಲು ವರ್ಷಗಳ ಅಭ್ಯಾಸ ಬೇಕು, ಅದು ಮಲೆ ಮಹದೇಶ್ವರನ ಗುಡ್ಡರ ಕಲೆ, ಮೂರು ವಾರದಲ್ಲಿ ಕಲಿತಂತೆ ನಟಿಸುವುದು ಸರಿಯೂ ಅಲ್ಲ. ಕೋಲಾಟಕ್ಕೆ ಎರಡು ಕೋಲು, ಒಂದು ಜೋಡಿ ಸಾಕು. ಇನ್ನೊಂದು ವಿಷಯ. ಮಕ್ಕಳು ವಾದ್ಯ ಮುಟ್ಟುವುದು ಬೇಡ ಎನ್ನುವ ಮನೆಗಳು ನಮ್ಮಲ್ಲಿವೆ, ದಫ್ ಒಂದಾದರೆ ಸರಿ ಎನ್ನುವ ಮನೆಗಳೂ ಇವೆ. ಕರಾವಳಿಯ ಮುಸ್ಲಿಮರಲ್ಲಿ ದಫ್ ತಂಡಗಳೇ ಇವೆಯಲ್ಲ. ಆ ಚರ್ಚೆ ನನಗಿಂತ ದೊಡ್ಡವರದು. ಬಾಯಿ, ಅಂಗೈ, ಪಾದ, ಮರದ ಕೋಲು ಇಷ್ಟರಲ್ಲೇ ಮುಗಿಸುತ್ತೇವೆ ಎಂದಾಗ ಯಾವ ಮನೆಯಿಂದಲೂ ಬೇಡ ಎಂಬ ಮಾತು ಬರಲಿಲ್ಲ.

ಈಗ ಪಾಠಕ್ಕೆ ಬರೋಣ. ಹೈಸ್ಕೂಲಿನಲ್ಲಿ ಓದಿದ್ದು ನಿಮಗೆ ನೆನಪಿರಬಹುದು. ಹ್ರಸ್ವ ಸ್ವರವಿರುವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ ಗುರು, ಅದಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಅನುಸ್ವಾರ, ವಿಸರ್ಗ ಇರುವುದು, ಐ ಔ ಇರುವುದು, ಕೊನೆಯಲ್ಲಿ ಅರ್ಧಾಕ್ಷರ ಸೇರಿಕೊಂಡದ್ದು ಇವೆಲ್ಲ ಗುರುವೇ. ಪರೀಕ್ಷೆಗೆ ಇಷ್ಟು ಸಾಕಾಗುತ್ತದೆ. ಆದರೆ ಪುಸ್ತಕದಲ್ಲಿ ಅಕ್ಷರದ ಮೇಲೆ ಗುರುತು ಹಾಕುವಾಗ ಇದು ಕಿವಿಯ ಲೆಕ್ಕ ಎಂಬುದೇ ಮರೆತುಹೋಗುತ್ತದೆ. ಒಂದು ಮಾತ್ರೆಗೆ ಒಂದು ಸಲ ಮೇಜು ತಟ್ಟುತ್ತಾ ಹೇಳಿದರೆ ಆ ಲೆಕ್ಕ ಕೇಳಿಸುತ್ತದೆ.

ಮಕ್ಕಳಿಗೆ ಯಾವ ಪದ ಕೊಡುವುದು? ಶಾಸ್ತ್ರೀಯ ಸಂಗೀತದಲ್ಲಿ ಇದಕ್ಕೆಂದೇ ಪದಗಳಿವೆ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟತಕಧಿಮಿ. ಮೂರು, ನಾಲ್ಕು, ಐದು, ಏಳು, ಒಂಬತ್ತು ಇವನ್ನು ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳೆನ್ನುತ್ತಾರೆ. ಹಂಗೇರಿಯ ಜೋಲ್ತಾನ್ ಕೊದಾಯ್ ಅವರ ಪದ್ಧತಿಯಲ್ಲೂ ಮಕ್ಕಳು ಸ್ವರದ ಉದ್ದವನ್ನು ಟಾ, ಟಿ-ಟಿ ಎಂದು ಬಾಯಲ್ಲೇ ಹೇಳುತ್ತಾರೆ. ನಮಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ, ಹೊಸಹಳ್ಳಿಯ ಸುತ್ತಲಿನ ಊರುಗಳೇ ಸಾಕಾದವು. ಮೆಟ್ರೋದ ನೇರಳೆ ಮಾರ್ಗ ನಮ್ಮ ತಲೆಯ ಮೇಲೆಯೇ ಹೋಗುತ್ತದೆ, ನಿಲ್ದಾಣಗಳ ಹೆಸರು ಪ್ರತಿ ಮಗುವಿಗೂ ಗೊತ್ತು.

ನಗರ ಎಂದರೆ ಮೂರು. ಮಾಗಡಿ ನಾಲ್ಕು. ಕೆಂಗೇರಿ ಐದು, ಹೊಸಹಳ್ಳಿಯೂ ಐದು. ವಿಜಯನಗರ ಆರು, ಅದರಲ್ಲಿ ಆರೂ ಲಘುಗಳೇ, ಮಳೆ ಹನಿಯಂತೆ ಉದುರುತ್ತವೆ. ಅತ್ತಿಗುಪ್ಪೆಯೂ ಆರು, ಆದರೆ ಕುಂಟುತ್ತಾ ಬರುವ ಆರು: ಎರಡು ಒಂದು, ಎರಡು ಒಂದು. ನಾಗರಬಾವಿ ಏಳು, ಮೂಡಲಪಾಳ್ಯವೂ ಏಳು. ರಾಜಾಜಿನಗರ ಎಂಟು. ದೀಪಾಂಜಲಿನಗರ ಒಂಬತ್ತು, ಬಸವೇಶ್ವರನಗರವೂ ಒಂಬತ್ತು. ಐದು ಜಾತಿಗಳೂ ನಮ್ಮ ಬಸ್ ರೂಟಿನಲ್ಲೇ ಸಿಕ್ಕವು. ವಿಜಯನಗರ ಮತ್ತು ಅತ್ತಿಗುಪ್ಪೆಯನ್ನು ಒಂದರ ಹಿಂದೆ ಒಂದು ತಟ್ಟಿ ನೋಡಿ. ಎರಡಕ್ಕೂ ಮಾತ್ರೆ ಆರೇ, ನಡಿಗೆ ಮಾತ್ರ ಬೇರೆ ಬೇರೆ. ಲಯ ಎಂದರೇನು ಎಂದು ಮಗುವಿಗೆ ಹೇಳಲು ಇದಕ್ಕಿಂತ ಚಿಕ್ಕ ದಾರಿ ನನಗೆ ತಿಳಿದಿಲ್ಲ.

ನಮ್ಮ ಆಟದ ಮುಖ್ಯ ಪದ ರಾಜಾಜಿನಗರ. ಎಂಟರ ಸುತ್ತಿಗೆ ಅದು ಹೇಳಿ ಮಾಡಿಸಿದಂತಿದೆ. ರಾ ಎರಡು, ಜಾ ಎರಡು, ಅಲ್ಲಿಗೆ ನಾಲ್ಕು. ಜಿ, ನ, ಗ, ರ ಇನ್ನು ನಾಲ್ಕು. ಮೊದಲ ದಿನ ಮಕ್ಕಳು ಹೇಳಿದಾಗ ತಟ್ಟು ಏಳಕ್ಕೇ ಮುಗಿಯಿತು. ಮತ್ತೆ ಹೇಳಿಸಿದರೂ ಏಳೇ. ಕಿವಿಗೊಟ್ಟು ಕೇಳಿದರೆ ಅವರು ಹೇಳುತ್ತಿದ್ದದ್ದು ರಜಾಜಿನಗರ. ದೀಪಾಂಜಲಿಯೂ ಅವರ ಬಾಯಲ್ಲಿ ದಿಪಾಂಜಲಿ.

ಇದನ್ನು ಉದಾಸೀನ ಎಂದು ತಿಳಿಯುವವರಿದ್ದಾರೆ. ಅದು ಉದಾಸೀನವಲ್ಲ, ನಮ್ಮ ದಖ್ಖನಿಯ ಕ್ರಮ. ಪುಸ್ತಕದ ಉರ್ದುವಿನಲ್ಲಿ ಆದ್ಮೀ ಇದ್ದರೆ ನಮ್ಮ ಮನೆಗಳಲ್ಲಿ ಅದ್ಮಿ, ಆಸ್ಮಾನ್ ಇದ್ದರೆ ಅಸ್ಮಾನ್. ಮುಂದೆ ಒಂದು ದೀರ್ಘ ಬರುತ್ತಿದ್ದರೆ ಹಿಂದಿನ ದೀರ್ಘವನ್ನು ದಖ್ಖನಿ ಮೊಟಕು ಮಾಡುತ್ತದೆ. ರಾಜಾಜಿ ರಜಾಜಿ ಆಗುವುದೂ ಇದೇ ನಿಯಮದಿಂದ. ಈ ಮಾತಿಗೂ ದೊಡ್ಡ ಹಿನ್ನೆಲೆಯಿದೆ. ವಿಜಯಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ್ ರಾಗಗಳಿಗೆ ಹೊಂದಿಸಿ ಬರೆದ ಹಾಡುಗಳ ಪುಸ್ತಕ 'ಕಿತಾಬ್-ಎ-ನೌರಸ್' ಇರುವುದು ದಖ್ಖನಿಯಲ್ಲೇ. ಮಗುವಿನ ಮಾತು ತಪ್ಪಲ್ಲ, ಅದು ಒಂದು ಭಾಷೆಯ ನಿಯಮವನ್ನು ಇನ್ನೊಂದು ಭಾಷೆಗೆ ಒಯ್ದಿದೆ ಅಷ್ಟೆ. ಹೀಗೆ ನೋಡಿದರೆ ಕಲಿಸುವವರ ದನಿ ತಾನಾಗಿಯೇ ಮೆತ್ತಗಾಗುತ್ತದೆ.

ಮೂರನೇ ತರಗತಿಯ ಒಬ್ಬ ಹುಡುಗ ನೇರವಾಗಿ ಕೇಳಿದ: "ಆಪಾ, ರಾ ಕು ದೋ ಕಾಯ್ಕು?" ರಾ ಅಕ್ಷರಕ್ಕೆ ಎರಡು ಯಾಕೆ ಎಂದು. ಉತ್ತರ ಅವನ ಬಳಿಯೇ ಇತ್ತು. ಆ ಮಕ್ಕಳಲ್ಲಿ ಹೆಚ್ಚಿನವರು ಸಂಜೆ ಅರಬ್ಬಿ ಓದಲು ಹೋಗುತ್ತಾರೆ. ಅಲ್ಲಿ ಉಸ್ತಾದರು ಮದ್ದ್ ಕಲಿಸುತ್ತಾರೆ. ಮದ್ದ್ ಎಂದರೆ ಎಳೆಯುವುದು. ಸಹಜ ಮದ್ದ್ ಎರಡು ಹರಕತ್‌ನಷ್ಟು ಕಾಲ, ಕೆಲವು ಕಡೆ ನಾಲ್ಕು, ಕೆಲವು ಕಡೆ ಆರು. ಒಂದು ಬೆರಳು ಮಡಚುವಷ್ಟು ಹೊತ್ತು ಒಂದು ಹರಕತ್ ಎಂದು ಬೆರಳಿನಲ್ಲಿ ಎಣಿಸುವುದೂ ಉಂಟು. ಅಲ್ಲಿ ಎಳೆಯಬೇಕಾದ್ದನ್ನು ಎಳೆಯದೆ ಬಿಟ್ಟರೆ ಅರ್ಥವೇ ಬದಲಾಗಬಹುದು ಎಂದು ಈ ಮಕ್ಕಳಿಗೆ ಚೆನ್ನಾಗಿ ಗೊತ್ತು. ಕುರ್‌ಆನ್ ಪಠಣ ಹಾಡಲ್ಲ, ಅದನ್ನು ಕೋಲಾಟದ ಪಕ್ಕದಲ್ಲಿ ಇಡುತ್ತಿಲ್ಲ. ಆದರೆ ಎರಡು ಎಣಿಕೆ ನಿಲ್ಲುವ ಅಭ್ಯಾಸ ಅವರ ಬೆರಳುಗಳಲ್ಲಿ ಆಗಲೇ ಇತ್ತು. "ರಾ-ಗೂ ಜಾ-ಗೂ ಮದ್ದ್ ಇದೆ" ಎಂದೆ. ಮರುಕ್ಷಣ ಎಂಟು ತುಂಬಿತು.

ಕನ್ನಡದಲ್ಲಿ ಹ್ರಸ್ವ ಒಂದು, ದೀರ್ಘ ಎರಡು, ದೂರದವರನ್ನು ಕೂಗುವಾಗ ಬರುವ ಪ್ಲುತ ಮೂರು. ಇಷ್ಟನ್ನೂ ಆ ದಿನವೇ ಹೇಳಿಕೊಟ್ಟೆವು. ಒತ್ತಿನದೂ ಇದೇ ಲೆಕ್ಕ. ಹೊಸಹಳ್ಳಿ ಐದು, ಒತ್ತು ಬಿಟ್ಟು ಹೊಸಹಳಿ ಎಂದರೆ ನಾಲ್ಕು. ಒಂದು ಒತ್ತು ಬಿಟ್ಟರೆ ಒಂದು ಪೆಟ್ಟು ಕಾಣೆ, ಎದುರಿನವನ ಕೋಲು ಗಾಳಿಗೆ ಬೀಸುತ್ತದೆ. ತಪ್ಪನ್ನು ತೋರಿಸುವುದು ಕೋಲು, ಯಾರೂ ನಗಬೇಕಾಗಿಲ್ಲ. ಮೂರು ವಾರದಲ್ಲಿ ಕನ್ನಡ ಟೀಚರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ತರಗತಿಯಲ್ಲಿ ಒಂದು ಮಾತೂ ಆಡದ ಹುಡುಗಿ ಒಬ್ಬಳಿದ್ದಳು. ಹಾಜರಿ ಕೂಗಿದರೂ ಕೈ ಎತ್ತುತ್ತಿದ್ದಳೇ ಹೊರತು ದನಿ ಇಲ್ಲ. ಬೆರಳು ಮಡಚಿ ಎಣಿಸುವುದರಲ್ಲಿ ಅವಳನ್ನು ಮೀರಿಸುವವರು ಯಾರೂ ಇರಲಿಲ್ಲ. ಉಳಿದವರು ಓಡಿದಾಗ ಅವಳ ಬೆರಳು ತನ್ನ ಪಾಡಿಗೆ ಮಡಚಿಕೊಳ್ಳುತ್ತಿತ್ತು. ಎರಡನೇ ವಾರ ನಾವು ಅವಳನ್ನು ಸಾಲಿನ ಮುಂದೆ ನಿಲ್ಲಿಸಿದೆವು. ಊರಿನ ಹೆಸರನ್ನು ಮೊದಲು ಅವಳು ಒಬ್ಬಳೇ ಹೇಳಬೇಕು, ಆಮೇಲೆ ಎಲ್ಲರೂ. ಮೊದಲ ಎರಡು ದಿನ ತುಟಿ ಮಾತ್ರ ಆಡಿತು. ನಾವು ಒತ್ತಾಯಿಸಲಿಲ್ಲ, ಮಕ್ಕಳು ಅವಳ ಬೆರಳು ನೋಡಿಯೇ ಶುರು ಮಾಡಿದರು. ಮೂರನೆಯ ದಿನ ಹಿಂದಿನ ಸಾಲಿನವರು "ಬೆರಳು ಕಾಣಲ್ಲ, ಜೋರಾಗಿ ಹೇಳು" ಎಂದು ಗದರಿದರು. ಹೇಳಿದಳು.

ಕ್ರಮ ಹೀಗಿರಲಿ: ಮೊದಲು ಬಾಯಿ, ಆಮೇಲೆ ಅಂಗೈ, ಆಮೇಲೆ ಪಾದ, ಕೊನೆಗೆ ಕೋಲು. ಮಕ್ಕಳು ಮೊದಲ ದಿನವೇ ಕೋಲು ಕೇಳುತ್ತಾರೆ, ಕೊಡಬಾರದು. ಕೋಲು ಸಿಕ್ಕರೆ ಸದ್ದೇ ಮುಖ್ಯವಾಗುತ್ತದೆ. ನಾವು ಒಂದು ವಾರ ಪೂರ್ತಿ ಕೋಲನ್ನು ಸ್ಟಾಫ್ ರೂಮಿನ ಬೀರುವಿನಿಂದ ಹೊರಗೆ ತೆಗೆಯಲಿಲ್ಲ. ಅಂಗೈಗೆ ಆದಿತಾಳದ ಎಣಿಕೆ ಒಳ್ಳೆಯದು. ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ತಟ್ಟು, ಬೀಸು, ತಟ್ಟು, ಬೀಸು. ನಾಲ್ಕು, ಎರಡು, ಎರಡು, ಒಟ್ಟು ಎಂಟು. ಪುರಂದರದಾಸರ ಕಾಲದಿಂದ ಬಂದ ಪಾಠಕ್ರಮದಲ್ಲಿ ಸಂಗೀತ ಕಲಿಯುವ ಮಕ್ಕಳು ಇಂದಿಗೂ ಸರಳೆ ವರಸೆಯನ್ನು ಈ ತಾಳ ಹಾಕಿಕೊಂಡೇ ಹೇಳುವುದು.

ಪಾದದ ವಿಷಯದಲ್ಲಿ ನನ್ನ ಸಹಪಾಠಿ ಒಂದು ಸಂಗತಿ ಓದಿಕೊಂಡು ಬಂದಿದ್ದ. ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್-ಡಾಲ್ಕ್ರೋಜ್ (1865–1950) ಜಿನೀವಾದಲ್ಲಿ ಸಂಗೀತ ಕಲಿಸುತ್ತಿದ್ದರು. ಅವರ ವಿದ್ಯಾರ್ಥಿಗಳಿಗೆ ಬೆರಳಿನ ಚಳಕವಿತ್ತು, ಆದರೆ ಕಾಲ ನಿಲ್ಲುತ್ತಿರಲಿಲ್ಲ. ಅವರನ್ನು ಎಬ್ಬಿಸಿ ನಡೆಸಿದರು. ನಡೆಯುವ ದೇಹಕ್ಕೆ ಲಯ ಮೊದಲೇ ಗೊತ್ತಿದೆ ಎಂಬುದು ಅವರ ವಾದ. ನಾವೂ ಮಕ್ಕಳನ್ನು ಮೈದಾನದಲ್ಲಿ ಸುತ್ತು ನಡೆಸಿದೆವು. ಗುರುವಿಗೆ ಒಂದು ಉದ್ದ ಹೆಜ್ಜೆ, ಲಘುವಿಗೆ ಒಂದು ಗಿಡ್ಡ ಹೆಜ್ಜೆ. ರಾ, ಜಾ ಎಂದು ಎರಡು ದಾಪುಗಾಲು, ಜಿನಗರ ಎಂದು ನಾಲ್ಕು ಚಿಕ್ಕ ಹೆಜ್ಜೆ. ಪಕ್ಕದ ಬಿಲ್ಡಿಂಗಿನ ಆಂಟಿಯರು ಬಾಲ್ಕನಿಯಿಂದ ನೋಡಿ ನಕ್ಕರೂ ಮಕ್ಕಳಿಗೆ ಮಾತ್ರ ಆ ಸುತ್ತಿನಲ್ಲೇ ಪಾಠ ಹತ್ತಿತು.

ಉತ್ತರ ಕರ್ನಾಟಕದ ಮೊಹರಂ ಹೆಜ್ಜೆಮೇಳಗಳನ್ನು ವಿಡಿಯೋದಲ್ಲಾದರೂ ನೋಡಿ. ಹಿಂದೂಗಳೂ ಮುಸ್ಲಿಮರೂ ಕೂಡಿ ಕನ್ನಡದಲ್ಲೇ ರಿವಾಯತ್ ಪದಗಳನ್ನು ಹಾಡುತ್ತಾರೆ. ಎಣಿಕೆಯೆಲ್ಲ ಕಾಲಿನಲ್ಲಿ. ಬೆಂಗಳೂರಿನ ನಮ್ಮ ಮನೆಗಳಲ್ಲಿ ಅದರ ಪರಿಚಯ ಕಡಿಮೆ. ನನಗೂ ಇದು ತಿಳಿದದ್ದು ಕನ್ನಡ ಮೇಡಂ ಹೇಳಿದ ಮೇಲೆ.

ಕೋಲಿನ ಸುತ್ತು ಹೀಗೆ. ಒಂದಕ್ಕೆ ತನ್ನ ಎರಡು ಕೋಲು ಕೆಳಗೆ, ಎರಡಕ್ಕೆ ಮೇಲೆ. ಮೂರಕ್ಕೆ ಬಲಗೈ ಕೋಲು ಎದುರಿನವರ ಬಲಗೋಲಿಗೆ. ನಾಲ್ಕಕ್ಕೆ ತನ್ನದು. ಐದಕ್ಕೆ ಎಡಗೋಲು ಎಡಗೋಲಿಗೆ. ಆರಕ್ಕೆ ತನ್ನದು. ಏಳಕ್ಕೆ ಎರಡೂ ಕೋಲು ಎದುರಿನವರ ಎರಡೂ ಕೋಲಿಗೆ. ಎಂಟು ಖಾಲಿ. ಬಾಯಿ 'ರ' ಎನ್ನುತ್ತದೆ, ಕೋಲು ಸುಮ್ಮನಿರುತ್ತದೆ, ದೇಹ ಮುಂದಿನ ಜೋಡಿಯ ಕಡೆ ತಿರುಗುತ್ತದೆ.

ಇಡೀ ಪಾಠದಲ್ಲಿ ಕಷ್ಟದ್ದು ಈ ಎಂಟನೆಯದು. ಮಕ್ಕಳಿಗೆ ಹೊಡೆಯುವುದನ್ನು ಕಲಿಸುವುದು ಸುಲಭ, ಹೊಡೆಯದಿರುವುದನ್ನು ಕಲಿಸುವುದೇ ಕಷ್ಟ. ಖಾಲಿ ಸಿಕ್ಕ ಕೂಡಲೇ ಅದನ್ನು ನುಂಗಿ ಮತ್ತೆ ಒಂದಕ್ಕೆ ಹಾರುತ್ತಾರೆ. ಎಂಟರ ಸುತ್ತು ಏಳಾಗುತ್ತದೆ, ಮೂರು ಸುತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ಕಡೆ. ಲೆಡ್ಜರಿನಲ್ಲಿ ಬಾಕಿ ಸೊನ್ನೆಯಾದರೂ ಆ ಸಾಲನ್ನು ಬಿಡುವ ಹಾಗಿಲ್ಲ ಎಂದು ಅಕೌಂಟೆನ್ಸಿ ಸರ್ ಹೇಳುತ್ತಾರಲ್ಲ, ಹಾಗೆ ಖಾಲಿಯನ್ನೂ ಬರೆಯಬೇಕು. ನಾವು ಎಂಟಕ್ಕೆ ಒಂದು ಕೆಲಸ ಕೊಟ್ಟೆವು: ಉಸಿರು ಒಳಗೆ ಎಳೆಯುವುದು. ಮಗುವಿಗೆ ಸುಮ್ಮನಿರು ಎಂದರೆ ಆಗದು, ಉಸಿರು ತೆಗೆದುಕೋ ಎಂದರೆ ಆಗುತ್ತದೆ.

ವೇಗದ ಕಥೆಯೂ ಇದೆ. ಗೋಡೆ ಗಡಿಯಾರದ ಒಂದು ಟಿಕ್‌ಗೆ ಎರಡು ಮಾತ್ರೆ ಎಂದು ಇಟ್ಟುಕೊಂಡೆವು. ನಾಲ್ಕು ನಿಮಿಷಕ್ಕೆ 240 ಟಿಕ್, 480 ಮಾತ್ರೆ. ಎಂಟರ ಸುತ್ತು 46, ಅಂದರೆ 368. ನಾಗರಬಾವಿಯ ಏಳರ ಸುತ್ತು 16, ಅಂದರೆ 112. ಕೂಡಿಸಿದರೆ 480, ಟ್ಯಾಲಿ ಆಯಿತು. ಆದರೆ ಮೊದಲ ಸಲ ಪೂರ್ತಿ ಆಡಿದಾಗ ಎಲ್ಲ ಮೂರು ನಿಮಿಷ ಹತ್ತು ಸೆಕೆಂಡಿಗೆ ಮುಗಿದುಹೋಯಿತು. ನಿಧಾನ, ನಿಧಾನ ಎಂದು ಕೂಗಿ ಪ್ರಯೋಜನವಿಲ್ಲ, ಕೂಗಿದಷ್ಟೂ ಗಾಬರಿಯಿಂದ ಓಡುತ್ತಾರೆ. ರಾಷ್ಟ್ರಗೀತೆಗೆ 52 ಸೆಕೆಂಡ್, ನಾಡಗೀತೆಗೆ ಎರಡೂವರೆ ನಿಮಿಷ ನಿಗದಿಯಾಗಿದೆ ಎಂದು ಅವರಿಗೆ ಹೇಳಿ, ಗಡಿಯಾರ ಹಿಡಿದು ಜನಗಣಮನ ಹಾಡಿಸಿದೆವು. 47ಕ್ಕೆ ಮುಗಿಸಿದರು. ಐದು ಸೆಕೆಂಡ್ ಎಲ್ಲಿ ಹೋಯಿತು ಎಂದು ಅವರೇ ಹುಡುಕತೊಡಗಿದರು. ದೀರ್ಘಗಳಲ್ಲಿ ಸಿಕ್ಕಿತು. ಆಮೇಲೆ ಕೋಲಾಟದಲ್ಲೂ ಹುಡುಕಿದರು.

ಏಳರ ಸುತ್ತು ಮಕ್ಕಳಿಗೆ ಕಷ್ಟವಾಗುತ್ತದೆ ಎಂದು ದೊಡ್ಡವರೆಲ್ಲ ಹೇಳಿದ್ದರು. ಆಗಲಿಲ್ಲ. ನಾಗರ ನಾಲ್ಕು, ಬಾವಿ ಮೂರು. ಪದ ನಾಲಿಗೆಯಲ್ಲಿ ಕೂತಿದ್ದರೆ ಕೈ ಅದರ ಹಿಂದೆ ಹೋಗುತ್ತದೆ.

ಇನ್ನು ನಮ್ಮ ಪಿಯುಸಿ ಗೆಳೆಯರಿಗೆ ಒಂದು ಮಾತು. ಇದೇ ಮೂರು ಮತ್ತು ನಾಲ್ಕನ್ನು ತಿರುಗಿಸಿ ಇಟ್ಟರೆ ಭಾಮಿನಿ ಷಟ್ಪದಿ. ನಮ್ಮ ಮಾಗಡಿ, ನಮ್ಮ ಮಾಗಡಿ ಎಂದು ತಟ್ಟಿ: ಮೂರು ನಾಲ್ಕು, ಮೂರು ನಾಲ್ಕು, ಒಂದು ಸಾಲಿಗೆ 14 ಮಾತ್ರೆ. ಮೂರನೇ ಮತ್ತು ಆರನೇ ಸಾಲಿನಲ್ಲಿ ಅದು ಮೂರು ಸಲ ಬಂದು, ಮೇಲೊಂದು ಗುರು ಸೇರಿ 23. ಒಟ್ಟು 102. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ಈ ನಡಿಗೆಯಲ್ಲಿ ನಡೆಸಿದ್ದಾನೆ. ಪ್ರಸ್ತಾರ ಹಾಕುವ ಮೊದಲು ಒಮ್ಮೆ ಮೇಜು ತಟ್ಟಿ ನೋಡಿ, ಗುರುತು ತಾನಾಗಿ ಬೀಳುತ್ತದೆ. ಉರ್ದುವಿನಲ್ಲಿ ನಮ್ಮ ಹಿರಿಯರು ಶೇರ್‌ಗಳನ್ನು ಹೀಗೆಯೇ ಒಡೆಯುತ್ತಾರೆ, ಅದಕ್ಕೆ ತಕ್ತೀ ಎನ್ನುತ್ತಾರೆ. ಫಊಲುನ್ ಎಂದರೆ ಒಂದು ಎರಡು ಎರಡು, ಐದು ಮಾತ್ರೆ. ಮಫಾಈಲುನ್ ಏಳು. ಇಕ್ಬಾಲರು 1904ರಲ್ಲಿ ಬರೆದ 'ತರಾನಾ-ಎ-ಹಿಂದಿ' ಐದು ಏಳು, ಐದು ಏಳು ಎಂದು ಸಾಗುತ್ತದೆ. ಈ ಅರೂಜ್ ಶಾಸ್ತ್ರವನ್ನು ಎಂಟನೇ ಶತಮಾನದಲ್ಲಿ ಕಟ್ಟಿದವರು ಬಸ್ರಾದ ಖಲೀಲ್ ಇಬ್ನ್ ಅಹ್ಮದ್. ಬಜಾರಿನಲ್ಲಿ ಕಮ್ಮಾರರ ಸುತ್ತಿಗೆಯ ಸದ್ದು ಕೇಳಿ ಅವರಿಗೆ ಇದು ಹೊಳೆಯಿತು ಎಂಬ ಕಥೆಯಿದೆ. ಕಥೆಯೇ ಇರಬಹುದು, ಆದರೆ ಮಾಗಡಿ ರೋಡಿನ ವರ್ಕ್‌ಶಾಪ್‌ಗಳ ಮುಂದೆ ನಡೆದು ಹೋಗುವಾಗ ನನಗೆ ನಂಬಬೇಕೆನಿಸುತ್ತದೆ.

ನವೆಂಬರ್ 1ರಂದು ಮಕ್ಕಳ ಸರದಿ ಬಂದಾಗ ಹತ್ತೂಕಾಲು. ಪೋಷಕರು ಎರಡನೇ ಸುತ್ತಿಗೇ ಚಪ್ಪಾಳೆ ಸೇರಿಸಿದರು, ಅದೂ ತಮಗೆ ತೋಚಿದ ವೇಗದಲ್ಲಿ. ಹಿಂದಿನ ಸಾಲು ಆ ಚಪ್ಪಾಳೆಯ ಹಿಂದೆ ಓಡತೊಡಗಿತು. ಮುಂದೆ ನಿಂತಿದ್ದ ಹುಡುಗಿ ತಿರುಗಿ ನೋಡಲಿಲ್ಲ. "ರಾ" ಎಂದು ಎರಡು ಮಾತ್ರೆ ಪೂರ್ತಿ ಎಳೆದಳು, "ಜಾ" ಎಂದು ಇನ್ನೆರಡು. ಎಂಟಕ್ಕೆ ಅವಳ ಭುಜ ಮೇಲೇರಿತು, ಉಸಿರು ತೆಗೆದುಕೊಂಡಳು. ಮೂರನೆಯ ಸುತ್ತಿಗೆ ಹಿಂದಿನ ಸಾಲು ಬಂದು ಸೇರಿತು, ಆರನೆಯದಕ್ಕೆ ಚಪ್ಪಾಳೆಯೂ ಸೇರಿತು. ನಾಲ್ಕು ನಿಮಿಷ ಮೂರು ಸೆಕೆಂಡ್ ಎಂದು ನನ್ನ ಸಹಪಾಠಿಯ ಫೋನ್ ತೋರಿಸಿತು.

ಖರ್ಚು 660 ರೂಪಾಯಿ: 44 ಕೋಲು, ಒಂದಕ್ಕೆ 15ರಂತೆ, ಬಡಗಿಯ ಅಂಗಡಿಯಲ್ಲಿ ಉಳಿದ ಮರದ್ದು. ಉದ್ದ ಮಗುವಿನ ಮೊಣಕೈಯಿಂದ ಬೆರಳ ತುದಿಯವರೆಗೆ ಇರಲಿ, ಅದಕ್ಕಿಂತ ಉದ್ದವಾದರೆ ಎದುರಿನವರ ಗೆಣ್ಣಿಗೆ ತಗಲುತ್ತದೆ. ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿಸಿ. ಅದರಲ್ಲಿ ಎರಡು ಮುರಿದಿವೆ, ಉಳಿದ 42 ಕೋಲುಗಳನ್ನು ಕಟ್ಟಿ ನಮ್ಮ ಕನ್ನಡ ವಿಭಾಗದ ಬೀರುವಿನ ಮೇಲೆ ಇಟ್ಟಿದ್ದೇವೆ. ಜನವರಿ 26ಕ್ಕೆ ಯಾರಿಗಾದರೂ ಬೇಕಿದ್ದರೆ ಮೇಡಂ ಅವರಿಗೆ ಹೇಳಿ ತೆಗೆದುಕೊಂಡು ಹೋಗಬಹುದು.